156ಕ್ಕೆ ಬೈನರಿ ಬರೆದರೆ 57 ಯಾಕೆ ಬರುತ್ತದೆ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪ್ರಥಮ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದೇನೆ. ಡೆಸಿಮಲ್ ಸಂಖ್ಯೆಯನ್ನು ಬೈನರಿಗೆ, ಅಂದರೆ 0 ಮತ್ತು 1 ಮಾತ್ರ ಇರುವ ಬರವಣಿಗೆಗೆ, ಬದಲಿಸುವ ಲೆಕ್ಕ ಮನೆಯಲ್ಲಿ ಸರಿ ಬರುತ್ತದೆ, ಟೆಸ್ಟಿನಲ್ಲಿ ತಪ್ಪುತ್ತದೆ. ಕಳೆದ ಸಲ 156ಕ್ಕೆ 00111001 ಎಂದು ಬರೆದು ಅಂಕ ಕಳೆದುಕೊಂಡೆ. ಪೂರ್ಣಸಂಖ್ಯೆಗೆ ಶೇಷಗಳನ್ನು ಕೆಳಗಿನಿಂದ ಮೇಲೆ ಓದಬೇಕು, ದಶಾಂಶ ಭಾಗಕ್ಕೆ ಮೇಲಿನಿಂದ ಕೆಳಗೆ ಓದಬೇಕು ಅನ್ನುತ್ತಾರೆ. ಯಾಕೆ ಅಂತ ಯಾರೂ ಹೇಳುವುದಿಲ್ಲ. 0.1ಕ್ಕೆ ಮಾಡುತ್ತ ಹೋದರೆ ಮುಗಿಯುವುದೇ ಇಲ್ಲ, ಬೇಸತ್ತು ನಾಲ್ಕು ಅಂಕಿಗೆ ನಿಲ್ಲಿಸಿದೆ. ಋಣ ಸಂಖ್ಯೆಗೆ ಮುಂದೆ ಒಂದು 1 ಸೇರಿಸಿದರೆ ಸಾಕು ಅಂತ ಗೆಳತಿ ಹೇಳುತ್ತಾಳೆ. ಬೈನರಿಯನ್ನು ಪ್ರಾಚೀನ ಛಂದಶ್ಶಾಸ್ತ್ರಕಾರ ಪಿಂಗಳನೇ ಕಂಡುಹಿಡಿದ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಮ್ಮಣ್ಣ ಮಾತ್ರ, ‘ಮೊಬೈಲಲ್ಲೇ ಬರುತ್ತೆ, ಕೈಯಲ್ಲಿ ಮಾಡೋದು ದಂಡ’ ಅನ್ನುತ್ತಾನೆ. ಪರೀಕ್ಷೆಗೆ ಯಾವ ವಿಧಾನ ಹಿಡಿಯಲಿ?

ಉತ್ತರ: ನೀವು ಬರೆದ 00111001ಕ್ಕೆ ಮೊದಲು ಬೆಲೆ ಕಟ್ಟಿ ನೋಡೋಣ. ಬೈನರಿಯಲ್ಲಿ ಬಲತುದಿಯಿಂದ ಎಡಕ್ಕೆ ಜಾಗಗಳ ಬೆಲೆ 1, 2, 4, 8 ಎಂದು ಎರಡರಷ್ಟಾಗುತ್ತ ಹೋಗುತ್ತದೆ. ಇಲ್ಲಿ 1 ಇರುವ ಜಾಗಗಳ ಬೆಲೆ 32, 16, 8 ಮತ್ತು 1. ಕೂಡಿದರೆ 57. ನಿಮ್ಮ ಭಾಗಾಕಾರದಲ್ಲಿ ಒಂದು ಹಂತವೂ ತಪ್ಪಿಲ್ಲ, ಎಂಟೂ ಶೇಷಗಳು ಸರಿಯಾಗಿವೆ. ಬರೆದ ದಿಕ್ಕು ಮಾತ್ರ ತಿರುಗಿದೆ. ಹಾಗಾಗಿ ‘ನನಗೆ ಈ ಲೆಕ್ಕ ಬರುವುದಿಲ್ಲ’ ಎಂದುಕೊಳ್ಳಬೇಡಿ.

ಮನೆಯಲ್ಲಿ ಸರಿ ಬಂದದ್ದು ಟೆಸ್ಟಿನಲ್ಲಿ ತಪ್ಪಲು ಗಾಬರಿಗಿಂತ ದೊಡ್ಡ ಕಾರಣ ಒಂದಿದೆ. ಅಭ್ಯಾಸಕ್ಕೆ ಸಾಮಾನ್ಯವಾಗಿ ಎಂಥ ಸಂಖ್ಯೆಗಳನ್ನು ತೆಗೆದುಕೊಳ್ಳುತ್ತೇವೆ? 5, 7, 9, 15, 21, 27. ಅವುಗಳ ಬೈನರಿ 101, 111, 1001, 1111, 10101, 11011. ಎಲ್ಲವೂ ‘ವಿಕಟಕವಿ’ ಇದ್ದ ಹಾಗೆ, ಎತ್ತಲಿಂದ ಓದಿದರೂ ಅದೇ. ಶೇಷಗಳನ್ನು ತಲೆಕೆಳಗಾಗಿ ಓದುವ ಅಭ್ಯಾಸ ಇದ್ದರೂ ಇಂಥ ಸಂಖ್ಯೆಗಳಲ್ಲಿ ಉತ್ತರ ಸರಿಯಾಗಿಯೇ ಬಂದುಬಿಡುತ್ತದೆ, ತಪ್ಪು ಬಯಲಾಗುವುದಿಲ್ಲ. 153 ಕೂಡ ಹಾಗೆಯೇ: 10011001. ಅದರ ಪಕ್ಕದ 156 ಬಂದಾಗ ಬಣ್ಣ ಬಯಲಾಗುತ್ತದೆ.

ಈಗ ದಿಕ್ಕಿನ ವಿಷಯಕ್ಕೆ ಬರೋಣ. ಬೈನರಿಯನ್ನು ಸ್ವಲ್ಪ ಹೊತ್ತು ಮರೆತು 437ನ್ನು 10ರಿಂದ ಭಾಗಿಸಿ. ಭಾಗಲಬ್ಧ 43, ಶೇಷ 7. ಆ 7 ಯಾವ ಸ್ಥಾನದ್ದು? ಬಿಡಿ ಸ್ಥಾನದ್ದು. 43ನ್ನು ಮತ್ತೆ ಭಾಗಿಸಿದರೆ ಶೇಷ 3, ಅದು ಹತ್ತರ ಸ್ಥಾನದ್ದು. ಕೊನೆಗೆ 4, ಅದು ನೂರರದ್ದು. ಮೊದಲು ಉದುರಿದ ಶೇಷ ಬಲತುದಿಯ ಅಂಕಿ, ಕೊನೆಯಲ್ಲಿ ಉದುರಿದ್ದು ಎಡತುದಿಯದು. ಮೇಲಿನಿಂದ ಓದಿದರೆ 734 ಆಗುತ್ತದೆ, ಅದು ತಪ್ಪೆಂದು ಯಾರಿಗಾದರೂ ಕಾಣುತ್ತದೆ. 10ರ ಬದಲು 2ರಿಂದ ಭಾಗಿಸಿದಾಗಲೂ ನಡೆಯುವುದು ಇದೇ. ಮೊದಲ ಶೇಷ ಹೇಳುವುದು ಸಂಖ್ಯೆ ಸಮವೋ ಬೆಸವೋ ಎಂಬುದನ್ನು. ಅಂದರೆ ಅದು 1ರ ಸ್ಥಾನದ ಬಿಟ್ (ಬೈನರಿಯ ಒಂದು ಅಂಕಿಗೆ ಬಿಟ್ ಎನ್ನುತ್ತಾರೆ). ಅದರ ಜಾಗ ಬಲತುದಿಯೇ.

156ರ ಲೆಕ್ಕ ಪೂರ್ತಿ ಹೀಗಿದೆ:

156 ÷ 2 = 78, ಶೇಷ 0
78 ÷ 2 = 39, ಶೇಷ 0
39 ÷ 2 = 19, ಶೇಷ 1
19 ÷ 2 = 9, ಶೇಷ 1
9 ÷ 2 = 4, ಶೇಷ 1
4 ÷ 2 = 2, ಶೇಷ 0
2 ÷ 2 = 1, ಶೇಷ 0
1 ÷ 2 = 0, ಶೇಷ 1

ಕೆಳಗಿನಿಂದ ಓದಿದರೆ 10011100. ಕೂಡಿ ನೋಡಿ: 128 + 16 + 8 + 4 = 156.

ದಿಕ್ಕು ನೆನಪಿಟ್ಟುಕೊಳ್ಳಲು ಬಾಣದ ಗುರುತು ಹಾಕಿಕೊಳ್ಳಿ ಎನ್ನುವವರಿದ್ದಾರೆ. ಅದು ತಪ್ಪಲ್ಲ, ಆದರೆ ಬಾಣವನ್ನೂ ಮರೆಯಬಹುದು. ಅದಕ್ಕಿಂತ ಒಳ್ಳೆಯದು ಶೇಷಗಳನ್ನು ಕಂಬವಾಗಿ ಬರೆಯುವ ಜೊತೆಗೇ ಉತ್ತರದ ಸಾಲಿನಲ್ಲಿ ಬಲದಿಂದ ಎಡಕ್ಕೆ ತುಂಬುತ್ತ ಹೋಗುವುದು. ಮೊದಲ ಶೇಷ ಬಂದ ಕೂಡಲೇ ಸಾಲಿನ ಬಲತುದಿಯಲ್ಲಿ ಬರೆಯಿರಿ, ಮುಂದಿನದನ್ನು ಅದರ ಎಡಕ್ಕೆ. ಲೆಕ್ಕ ಮುಗಿಯುವ ಹೊತ್ತಿಗೆ ಉತ್ತರವೂ ಬರೆದಾಗಿರುತ್ತದೆ, ಯಾವ ಕಡೆಯಿಂದ ಓದಬೇಕು ಎಂಬ ಪ್ರಶ್ನೆಯೇ ಉಳಿಯುವುದಿಲ್ಲ.

ಭಾಗಲಬ್ಧಗಳ ಕಂಬವನ್ನು ಇನ್ನೊಮ್ಮೆ ನೋಡಿ, ಈ ಸಲ ಕೆಳಗಿನಿಂದ: 1, 2, 4, 9, 19, 39, 78, 156. ಈಗ 10011100ನ್ನು ಎಡದಿಂದ ಓದುತ್ತ, ಪ್ರತಿ ಹೆಜ್ಜೆಗೆ ಕೈಯಲ್ಲಿರುವುದನ್ನು ಎರಡರಷ್ಟು ಮಾಡಿ ಮುಂದಿನ ಬಿಟ್ ಕೂಡಿಸಿ. 1ರಿಂದ ಹೊರಟರೆ ಎರಡರಷ್ಟು 2, ಕೂಡಿಸು 0, ಆಯಿತು 2. ಅದರ ಎರಡರಷ್ಟು 4, ಕೂಡಿಸು 0, ಆಯಿತು 4. ಅದರ ಎರಡರಷ್ಟು 8, ಕೂಡಿಸು 1, ಆಯಿತು 9. ಹೀಗೇ 19, 39, 78, 156. ಅದೇ ಎಂಟು ಸಂಖ್ಯೆಗಳು! ಬೈನರಿಗೆ ಹೋಗುವುದು ಏಣಿ ಇಳಿದಂತೆ, ವಾಪಸ್ ಬರುವುದು ಅದೇ ಏಣಿ ಹತ್ತಿದಂತೆ. ಹಾಗಾಗಿ ಉತ್ತರ ಪರಿಶೀಲಿಸಲು ಬೇರೆ ವಿಧಾನ ಕಲಿಯಬೇಕಿಲ್ಲ. ಬರೆದ ಉತ್ತರವನ್ನು ಎಡದಿಂದ ಎರಡರಷ್ಟು ಮಾಡುತ್ತ ಬನ್ನಿ, ಪಕ್ಕದಲ್ಲಿರುವ ಭಾಗಲಬ್ಧಗಳು ಒಂದೊಂದಾಗಿ ತಾಳೆಯಾಗಬೇಕು. ಎಲ್ಲಿ ತಾಳೆ ತಪ್ಪಿತೋ ತಪ್ಪು ಇರುವುದು ಅಲ್ಲೇ. ನಿಮ್ಮ 00111001ನ್ನು ಹೀಗೆ ಹತ್ತಿಸಿದ್ದರೆ 0, 0, 1, 3, 7 ಎಂದು ಶುರುವಾಗುತ್ತಿತ್ತು. ನಿಮ್ಮ ಕಂಬದಲ್ಲಿ 3 ಆಗಲಿ 7 ಆಗಲಿ ಇಲ್ಲವೇ ಇಲ್ಲ.

ಉತ್ತರ ಪತ್ರಿಕೆಗಳಲ್ಲಿ 156ಕ್ಕೆ ಬರುವ ತಪ್ಪು ಉತ್ತರಗಳೆಲ್ಲ ಬೇಕಾಬಿಟ್ಟಿ ಬಂದವಲ್ಲ. ಒಂದೊಂದು ತಪ್ಪಿಗೂ ಒಂದೊಂದು ಗುರುತು ಇದೆ. 57 ಬಂದರೆ ತಲೆಕೆಳಗಾಗಿ ಓದಿದ್ದಾರೆ. 28 ಬಂದರೆ ಭಾಗಲಬ್ಧ 1 ಬಂದ ಕೂಡಲೇ ನಿಲ್ಲಿಸಿದ್ದಾರೆ. ಅವರ ಉತ್ತರ 0011100, ಎಡತುದಿಯ 128 ಬಿದ್ದುಹೋಗಿದೆ. ‘1ನ್ನು 2ರಿಂದ ಭಾಗಿಸುವುದು ಹೇಗೆ’ ಎಂಬ ಗೊಂದಲ ಇದರ ಮೂಲ. ಒಂದು ಲಾಡುವನ್ನು ಮುರಿಯದೆ ಇಬ್ಬರಿಗೆ ಹಂಚಿದರೆ ತಲಾ 0, ಉಳಿದದ್ದು 1. ಆ ಕೊನೆಯ ಹಂತವನ್ನೂ ಬರೆಯಬೇಕು, ಭಾಗಲಬ್ಧ 0 ಆಗುವ ತನಕ ನಿಲ್ಲಬಾರದು. ಇನ್ನು ಉತ್ತರದ ಬೆಲೆ 39 ಬಂದರೆ ಬಲತುದಿಯ ಎರಡು ಸೊನ್ನೆ ಬಿಟ್ಟಿದ್ದಾರೆ. ಇದು ಭಾಗಾಕಾರದವರಿಗಿಂತ ಕಳೆಯುವ ವಿಧಾನದವರಲ್ಲಿ ಹೆಚ್ಚು, ಅದನ್ನು ಮುಂದೆ ಹೇಳುತ್ತೇನೆ.

ಕ್ಯಾಲ್ಕುಲೇಟರ್ ಇಟ್ಟುಕೊಂಡು ಭಾಗಿಸುವವರು ಇನ್ನೊಂದು ಕಡೆ ಎಡವುತ್ತಾರೆ. 39 ÷ 2 ಒತ್ತಿದರೆ 19.5 ತೋರಿಸುತ್ತದೆ, ಕೆಲವರು ಶೇಷದ ಜಾಗದಲ್ಲಿ 5 ಎಂದು ಬರೆದುಬಿಡುತ್ತಾರೆ. ಆ .5 ಅಂದರೆ ಅರ್ಧ, ಎರಡರಲ್ಲಿ ಅರ್ಧ ಅಂದರೆ 1. ಶೇಷ 1. ಎರಡರಿಂದ ಭಾಗಿಸುವಾಗ 0 ಮತ್ತು 1 ಬಿಟ್ಟು ಬೇರೆ ಅಂಕಿ ಶೇಷದ ಕಂಬದಲ್ಲಿ ಕಂಡರೆ ಅಲ್ಲೇ ನಿಂತು ತಿದ್ದಿ.

ಎರಡನೆಯ ವಿಧಾನ ಕಳೆಯುವುದು. ಹಳೇ ಮೈಸೂರು ಕಡೆಯ ಅಳತೆ ಪಾತ್ರೆಗಳನ್ನು ನೆನಪಿಸಿಕೊಳ್ಳಿ, ಅಥವಾ ಮನೆಯ ಹಿರಿಯರನ್ನು ಕೇಳಿ. ಒಂದು ಸೇರಿಗೆ ಎರಡು ಅಚ್ಚೇರು, ಅಚ್ಚೇರಿಗೆ ಎರಡು ಪಾವು, ಪಾವಿಗೆ ಎರಡು ಅರೆಪಾವು, ಅರೆಪಾವಿಗೆ ಎರಡು ಚಟಾಕು. ಚಟಾಕನ್ನು 1 ಎಂದಿಟ್ಟುಕೊಂಡರೆ ಈ ಪಾತ್ರೆಗಳ ಬೆಲೆ 16, 8, 4, 2, 1. ಪ್ರತಿಯೊಂದೂ ಒಂದೊಂದೇ ಇದ್ದರೆ 31 ಚಟಾಕಿನವರೆಗೆ ಯಾವ ಅಳತೆಯನ್ನಾದರೂ ಅಳೆಯಬಹುದು, ಅದೂ ಒಂದೇ ಒಂದು ರೀತಿಯಲ್ಲಿ. 11 ಚಟಾಕು ಅಕ್ಕಿ ಬೇಕಾದರೆ ಸೇರು ಬೇಡ, ಅಚ್ಚೇರು ಬೇಕು, ಪಾವು ಬೇಡ, ಅರೆಪಾವು ಬೇಕು, ಚಟಾಕು ಬೇಕು. ಬೇಕು ಅಂದಲ್ಲಿ 1, ಬೇಡ ಅಂದಲ್ಲಿ 0 ಬರೆದರೆ 01011. ಬೈನರಿ ಅಂದರೆ ಇಷ್ಟೇ. ಒಂದೇ ಪಾತ್ರೆಯನ್ನು ಎರಡು ಸಲ ತುಂಬುವ ಅಗತ್ಯ ಯಾಕೆ ಬೀಳುವುದಿಲ್ಲ ಎಂದರೆ, ಎರಡು ಸಲ ತುಂಬುವ ಬದಲು ಅದರ ಮೇಲಿನ ಪಾತ್ರೆ ಸಿದ್ಧವಾಗಿರುತ್ತದೆ. ಅಂಕಿ 2 ಬೈನರಿಯಲ್ಲಿ ಇಲ್ಲದಿರುವುದೂ ಇದೇ ಕಾರಣಕ್ಕೆ.

156ಕ್ಕೆ ಹಾಗೇ ಮಾಡಿ. 128, 64, 32, 16, 8, 4, 2, 1 ಎಂದು ಮೊದಲೇ ಸಾಲಾಗಿ ಬರೆದುಕೊಳ್ಳಿ. 128 ಹಿಡಿಸುತ್ತದೆ, ಉಳಿದದ್ದು 28. 64 ಹಿಡಿಸದು, 32 ಹಿಡಿಸದು. 16 ಹಿಡಿಸುತ್ತದೆ, ಉಳಿದದ್ದು 12. 8 ಹಿಡಿಸುತ್ತದೆ, ಉಳಿದದ್ದು 4. 4 ಹಿಡಿಸುತ್ತದೆ, ಉಳಿದದ್ದು 0. ಇಲ್ಲೇ ಎಡವಟ್ಟಾಗುವುದು. ಉಳಿದದ್ದು ಸೊನ್ನೆಯಾಯಿತಲ್ಲ ಎಂದು ಪೆನ್ನು ಕೆಳಗಿಡುತ್ತಾರೆ, 2 ಮತ್ತು 1ರ ಕೆಳಗೆ ಸೊನ್ನೆ ಹಾಕುವುದಿಲ್ಲ. 100111 ಎಂದು ಉತ್ತರ ಬರುತ್ತದೆ, ಅದು 39. ಸಾಲನ್ನು ಮೊದಲೇ ಬರೆದುಕೊಂಡಿದ್ದರೆ ಖಾಲಿ ಬಿಟ್ಟ ಜಾಗ ಕಣ್ಣಿಗೆ ಹೊಡೆಯುತ್ತದೆ. ತಲೆಯಲ್ಲೇ ಇಟ್ಟುಕೊಂಡು ಮಾಡಿದರೆ ಹೊಡೆಯುವುದಿಲ್ಲ.

ಮೂರನೆಯದು 16ರ ದಾರಿ, ದೊಡ್ಡ ಸಂಖ್ಯೆಗಳಿಗೆ. 2026ನ್ನು ಎರಡರಿಂದ ಭಾಗಿಸುತ್ತ ಹೋದರೆ ಹನ್ನೊಂದು ಹಂತ. 16ರಿಂದಾದರೆ ಮೂರೇ ಹಂತ: 2026 ÷ 16 = 126, ಶೇಷ 10. 126 ÷ 16 = 7, ಶೇಷ 14. 7 ÷ 16 = 0, ಶೇಷ 7. ಕೆಳಗಿನಿಂದ 7, 14, 10. ಹೆಕ್ಸ್ ಬರವಣಿಗೆಯಲ್ಲಿ (16ರ ಆಧಾರದ್ದು, 10ಕ್ಕೆ ಎ, 14ಕ್ಕೆ ಇ) ಇದು 7ಇಎ. ಪ್ರತಿಯೊಂದನ್ನೂ ನಾಲ್ಕು ಬಿಟ್‌ಗಳಲ್ಲಿ ಬರೆಯಿರಿ: 0111, 1110, 1010. ಎಡತುದಿಯ ಸೊನ್ನೆ ಬಿಟ್ಟರೆ 11111101010. ‘ನಾಲ್ಕು ಬಿಟ್’ ಎಂಬುದರಲ್ಲಿ ರಾಜಿ ಇಲ್ಲ. 1058ನ್ನು ಹೀಗೆ ಮಾಡಿದರೆ 4, 2, 2 ಬರುತ್ತದೆ, ಸರಿಯಾದ ಉತ್ತರ 0100 0010 0010. ಸೊನ್ನೆಗಳಿಗೆ ಬೆಲೆ ಇಲ್ಲವೆಂದುಕೊಂಡು 100, 10, 10 ಎಂದು ಅಂಟಿಸಿದರೆ 1001010 ಆಗುತ್ತದೆ, ಅಂದರೆ 74. ಸಾವಿರದ ಐವತ್ತೆಂಟು ಎಪ್ಪತ್ತನಾಲ್ಕಕ್ಕೆ ಇಳಿಯಿತು. ಬೆಲೆ ಇಲ್ಲದ್ದು ಇಡೀ ಸಂಖ್ಯೆಯ ಎಡತುದಿಯ ಸೊನ್ನೆಗಳಿಗೆ ಮಾತ್ರ, ನಡುವಿನವಕ್ಕಲ್ಲ. ವಾಪಸ್ ಬರುವಾಗ ಬಿಟ್‌ಗಳನ್ನು ನಾಲ್ಕರ ಗುಂಪು ಮಾಡುವುದು ಬಲದಿಂದ. ಎಡದಿಂದ ಗುಂಪು ಮಾಡಿದರೆ 2026 ಎಲ್ಲೋ 4050ರ ಹತ್ತಿರ ಹೋಗಿ ನಿಲ್ಲುತ್ತದೆ.

ಪರೀಕ್ಷೆಗೆ ಯಾವುದು ಎಂದು ಕೇಳಿದಿರಿ. ಹಂತಗಳಿಗೆ ಅಂಕ ಇರುವ ಪ್ರಶ್ನೆಗೆ ಭಾಗಾಕಾರವನ್ನೇ ಬರೆಯಿರಿ. ಮೌಲ್ಯಮಾಪಕರು ನಿರೀಕ್ಷಿಸುವುದು ಅದನ್ನೇ, ನಡುವೆ ಒಂದು ಹಂತ ತಪ್ಪಿದರೂ ಉಳಿದವಕ್ಕೆ ಅಂಕ ಸಿಗುವ ಸಾಧ್ಯತೆ ಇರುತ್ತದೆ. ಒಂದು ಅಂಕದ ಪ್ರಶ್ನೆಗೆ, 255ರ ಒಳಗಿನ ಸಂಖ್ಯೆಗೆ, ಕಳೆಯುವ ವಿಧಾನ ಬೇಗ. 16ರ ದಾರಿಯನ್ನು ಹೆಕ್ಸ್ ಪಾಠ ಮುಗಿದ ಮೇಲೆ, 0ಯಿಂದ 15ರವರೆಗಿನ ಬಿಟ್‌ಗಳು ಮಗ್ಗಿಯ ಹಾಗೆ ಬಾಯಿಗೆ ಬಂದ ಮೇಲೆ ಹಿಡಿಯಿರಿ. ಅಲ್ಲಿಯವರೆಗೆ ಅದರಿಂದ ಉಳಿಯುವ ಸಮಯಕ್ಕಿಂತ ಆಗುವ ತಪ್ಪೇ ಹೆಚ್ಚು.

ದಶಾಂಶ ಭಾಗದಲ್ಲಿ ದಿಕ್ಕು ಬದಲಾಗುವುದಕ್ಕೂ ಕಾರಣ ಸರಳ. ಅಲ್ಲಿ ಭಾಗಿಸುವುದಿಲ್ಲ, ಎರಡರಿಂದ ಗುಣಿಸುತ್ತೇವೆ. 0.625 × 2 = 1.25. ಇದು 1 ದಾಟಿತು ಎಂದರೆ ಮೂಲ ಸಂಖ್ಯೆಯಲ್ಲಿ ಕನಿಷ್ಠ ಅರ್ಧ ಇತ್ತು ಎಂದರ್ಥ. ಬಿಂದುವಿನ ಪಕ್ಕದ ಮೊದಲ ಸ್ಥಾನವೇ ಅರ್ಧದ ಸ್ಥಾನ, ಆದ್ದರಿಂದ ಮೊದಲು ಸಿಕ್ಕಿದ್ದು ಬಿಂದುವಿನ ಪಕ್ಕದಲ್ಲೇ ಕೂರುತ್ತದೆ. ಮುಂದಿನದು ಕಾಲಿನ ಸ್ಥಾನ, ಅದರ ಮುಂದಿನದು ಅರೆಕಾಲಿನದು. ಪೂರ್ಣಸಂಖ್ಯೆಯಲ್ಲೂ ದಶಾಂಶದಲ್ಲೂ ಮೊದಲು ಸಿಗುವುದು ಬಿಂದುವಿಗೆ ಹತ್ತಿರದ ಅಂಕಿಯೇ, ಬಿಂದುವಿನಿಂದ ಆಚೀಚೆ ದೂರ ಸರಿಯುತ್ತ ಬರೆಯುತ್ತೇವೆ. ‘ಒಂದಕ್ಕೆ ಮೇಲೆ, ಒಂದಕ್ಕೆ ಕೆಳಗೆ’ ಎಂದು ಎರಡು ನಿಯಮ ಉರುಹೊಡೆಯುವ ಬದಲು ಇದೊಂದನ್ನು ಇಟ್ಟುಕೊಳ್ಳಿ.

0.625 × 2 = 1.25, ತೆಗೆದಿಡು 1
0.25 × 2 = 0.5, ತೆಗೆದಿಡು 0
0.5 × 2 = 1.0, ತೆಗೆದಿಡು 1

ಉತ್ತರ 0.101. ಇಲ್ಲಿ ಪದೇಪದೇ ಆಗುವ ತಪ್ಪು ‘ತೆಗೆದಿಡು’ ಎಂಬುದನ್ನು ಮರೆಯುವುದು. 1.25ರ ಆ 1ನ್ನು ಪಕ್ಕಕ್ಕಿಡದೆ ಹಾಗೇ ಗುಣಿಸಿದರೆ 2.5 ಬರುತ್ತದೆ. ಎಲ್ಲಾದರೂ 2 ಕಾಣಿಸಿಕೊಂಡರೆ ಹಿಂದಿನ ಹಂತಕ್ಕೆ ಹೋಗಿ. ವಾಪಸ್ ತಿರುಗಿಸಲು ಒಂದು ಸುಲಭ ದಾರಿ ಇದೆ. ಬಿಂದುವನ್ನು ಮರೆತು 101 ಅಂದರೆ 5 ಎಂದು ಓದಿ, ಮೂರು ಸ್ಥಾನ ಇರುವುದರಿಂದ 8ರಿಂದ ಭಾಗಿಸಿ. 5/8, ಅಂದರೆ 0.625.

ಈಗ 0.1. ಗುಣಿಸುತ್ತ ಹೋದರೆ 0.2, 0.4, 0.8, 1.6, ಆಮೇಲೆ 0.6ರ ಎರಡರಷ್ಟು 1.2, ಅದರ 0.2ರ ಎರಡರಷ್ಟು 0.4. ಈ 0.4 ಆಗಲೇ ಒಮ್ಮೆ ಬಂದಿತ್ತು. ಬಂದದ್ದೇ ಮತ್ತೆ ಬಂದ ಮೇಲೆ ಮುಂದಿನದೆಲ್ಲ ಗಾಣದೆತ್ತಿನ ಸುತ್ತು. 0.0 ಆದ ಮೇಲೆ 0011, 0011, 0011 ಎಂದು ಕೊನೆಯಿಲ್ಲದೆ ಸಾಗುತ್ತದೆ. ನಿಮ್ಮದು ತಪ್ಪಲ್ಲ, ಅದು ಮುಗಿಯುವ ಸಂಖ್ಯೆಯೇ ಅಲ್ಲ. 1/3ನ್ನು ನಾವು 0.333 ಎಂದು ಬರೆಯುತ್ತ ಹೋಗುವುದಿಲ್ಲವೇ, ಹಾಗೆ. ಭಿನ್ನರಾಶಿಯನ್ನು ಅದರ ಅತಿ ಸರಳ ರೂಪಕ್ಕೆ ತಂದಾಗ ಛೇದದಲ್ಲಿ 2ರ ಘಾತ ಮಾತ್ರ (2, 4, 8, 16...) ಇದ್ದರೆ ಬೈನರಿಯಲ್ಲಿ ಮುಗಿಯುತ್ತದೆ. 1/10ರ ಛೇದದಲ್ಲಿ 5 ಅಡಗಿದೆ, ಹಾಗಾಗಿ ಮುಗಿಯದು.

ಇದರಿಂದ ಹೊರಡುವ ಒಂದು ಸಂಗತಿ ಸೋಜಿಗದ್ದು. 1 ಪೈಸೆಯಿಂದ 99 ಪೈಸೆಯವರೆಗೆ ರೂಪಾಯಿಯ ದಶಾಂಶವಾಗಿ ಬರೆದರೆ, ಬೈನರಿಯಲ್ಲಿ ಕರಾರುವಾಕ್ಕಾಗಿ ಕೂರುವುದು ಮೂರೇ: 25, 50 ಮತ್ತು 75 ಪೈಸೆ. ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆ. 1957ರ ಏಪ್ರಿಲ್ 1ರಂದು ನಯಾಪೈಸೆ ಬರುವ ಮೊದಲು ರೂಪಾಯಿಗೆ 16 ಆಣೆ ಇತ್ತು. ಆ ಲೆಕ್ಕದಲ್ಲಿ ಪ್ರತಿ ಆಣೆಯೂ ಬೈನರಿಯಲ್ಲಿ ನಾಲ್ಕೇ ಸ್ಥಾನಕ್ಕೆ ಮುಗಿಯುತ್ತಿತ್ತು: ಒಂದಾಣೆ 0.0001, ಮೂರಾಣೆ 0.0011. ಕಾಲಾಣೆಗೂ ಆರು ಸ್ಥಾನ ಸಾಕಿತ್ತು. ಆಣೆಗೆ 12ರಂತೆ ಇದ್ದ ಪೈ ಮಾತ್ರ ಹೊಂದುತ್ತಿರಲಿಲ್ಲ, ಅದರಲ್ಲಿ 3 ಸೇರಿಕೊಂಡಿದೆ. ಇವತ್ತು ಹಣದ ಪ್ರೋಗ್ರಾಂ ಬರೆಯುವವರು ₹10.10ನ್ನು ದಶಾಂಶವಾಗಿ ಇಡದೆ 1010 ಪೈಸೆ ಎಂದು ಪೂರ್ಣಸಂಖ್ಯೆಯಾಗಿ ಇಡುವ ವಾಡಿಕೆಗೆ ಕಾರಣ ಇದೇ. ಪೈಥಾನ್‌ನಲ್ಲಿ 0.1 + 0.2 ಕೊಟ್ಟು ನೋಡಿ, 0.30000000000000004 ಎಂದು ಉತ್ತರ ಬರುತ್ತದೆ.

ಹಾಗಾದರೆ ಎಲ್ಲಿ ನಿಲ್ಲಿಸಬೇಕು? ನಾಲ್ಕು ಸ್ಥಾನಕ್ಕೆ ನಿಲ್ಲಿಸಿದರೆ 0.0001, ಅಂದರೆ 0.0625. ಮೂಲ 0.1ರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ನಷ್ಟ. ಎಂಟು ಸ್ಥಾನಕ್ಕೆ 0.00011001, ಅದು 25/256, ಅಂದರೆ 0.09765625. ಆದರೆ ಒಂಬತ್ತನೆಯ ಬಿಟ್ 1 ಇರುವುದರಿಂದ ಕತ್ತರಿಸುವ ಬದಲು ಮೇಲಕ್ಕೆ ಸರಿಹೊಂದಿಸಿದರೆ 0.00011010, ಅಂದರೆ 26/256, ಸುಮಾರು 0.1016. ಇದೇ 0.1ಕ್ಕೆ ಹೆಚ್ಚು ಹತ್ತಿರ. ಪ್ರಶ್ನೆಯಲ್ಲಿ ‘ಇಷ್ಟು ಸ್ಥಾನದವರೆಗೆ’ ಎಂದು ಕೊಟ್ಟಿದ್ದರೆ ಅಷ್ಟೇ ಬರೆಯಿರಿ. ಕೊಡದಿದ್ದರೆ ಸುತ್ತು ಮತ್ತೆ ಶುರುವಾಗುವವರೆಗೆ ಬರೆದು 0011ರ ಮೇಲೆ ಗೆರೆ ಎಳೆಯಿರಿ, ಅದೇ ಪೂರ್ಣ ಉತ್ತರ. ಅಂದಾಜಿಗೆ ಒಂದು ಅಳತೆ: ದಶಮಾನದ ಮೂರು ಸ್ಥಾನದ ನಿಖರತೆ ಬೇಕಾದರೆ ಬೈನರಿಯ ಹತ್ತು ಸ್ಥಾನ ಬೇಕು.

ಎಲ್ಲಿ ಕತ್ತರಿಸುತ್ತೇವೆ ಎಂಬುದು ಕಾಗದದ ಮೇಲಿನ ಚರ್ಚೆ ಮಾತ್ರವಲ್ಲ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ-ತಡೆ ವ್ಯವಸ್ಥೆ ಇರಾಕಿನ ಸ್ಕಡ್ ಕ್ಷಿಪಣಿಯನ್ನು ತಡೆಯದೆ ಬಿಟ್ಟು, 28 ಅಮೆರಿಕನ್ ಸೈನಿಕರು ಸತ್ತರು. ಆ ವ್ಯವಸ್ಥೆ ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗಗಳಲ್ಲಿ ಎಣಿಸಿ, ಆ ಎಣಿಕೆಯನ್ನು 24 ಬಿಟ್‌ಗೆ ಕತ್ತರಿಸಿದ 0.1ರಿಂದ ಗುಣಿಸುತ್ತಿತ್ತು. ಒಂದೊಂದು ಎಣಿಕೆಗೆ ತಪ್ಪುತ್ತಿದ್ದದ್ದು ಸುಮಾರು 0.000000095 ಸೆಕೆಂಡ್. ನೂರು ಗಂಟೆ ಸತತ ಓಡಿದ ಮೇಲೆ, 36 ಲಕ್ಷ ಎಣಿಕೆಯಲ್ಲಿ, ಅದು 0.34 ಸೆಕೆಂಡ್ ಆಗಿತ್ತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ನಿಮ್ಮನ್ನು ಬೇಸತ್ತು ನಿಲ್ಲಿಸುವಂತೆ ಮಾಡಿದ್ದೂ ಇದೇ 0.1.

ಋಣ ಸಂಖ್ಯೆಯ ಬಗ್ಗೆ ಗೆಳತಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಎಡತುದಿಯ ಒಂದು ಬಿಟ್ಟನ್ನು ಚಿಹ್ನೆಗೆ ಮೀಸಲಿಡುವ ಪದ್ಧತಿ ಪಠ್ಯದಲ್ಲೂ ಇರುತ್ತದೆ. ಆದರೆ ಹಾಗೆ ಬರೆದರೆ ಸೊನ್ನೆಗೆ ಎರಡು ರೂಪ ಬರುತ್ತದೆ, +0 ಮತ್ತು -0. ಕೂಡುವ ಲೆಕ್ಕವೂ ನೇರವಾಗಿ ಬರುವುದಿಲ್ಲ. ಈಗಿನ ಕಂಪ್ಯೂಟರ್‌ಗಳು ಪೂರ್ಣಸಂಖ್ಯೆಗೆ ಬಳಸುವುದು ಟೂಸ್ ಕಾಂಪ್ಲಿಮೆಂಟ್. 100ರ ಎಂಟು ಬಿಟ್ ರೂಪ 01100100. ಎಲ್ಲ ಬಿಟ್ ತಿರುಗಿಸಿದರೆ, ಅಂದರೆ 0 ಇದ್ದಲ್ಲಿ 1, 1 ಇದ್ದಲ್ಲಿ 0 ಹಾಕಿದರೆ, 10011011. ಅದಕ್ಕೆ 1 ಕೂಡಿಸಿದರೆ 10011100, ಇದು -100. ಅಡ್ಡದಾರಿಯೂ ಇದೆ: ಬಲದಿಂದ ಬರುತ್ತ ಮೊದಲ 1 ಸಿಗುವವರೆಗೆ, ಆ 1 ಸೇರಿಸಿ, ಹಾಗೇ ಇಳಿಸಿ. ಅದರ ಎಡಕ್ಕಿರುವುದನ್ನೆಲ್ಲ ತಿರುಗಿಸಿ. 1 ಕೂಡಿಸುವಾಗ ಆಗುವ ದಶಕದ ತಪ್ಪು ಇದರಲ್ಲಿ ಆಗುವುದಿಲ್ಲ.

ಬಂದ ಉತ್ತರವನ್ನು ಎಲ್ಲೋ ನೋಡಿದಂತಿದೆಯೇ? 10011100. ನಮ್ಮ 156. ಎರಡೂ ಸರಿ. ಎಂಟು ಬಿಟ್‌ಗಳನ್ನು ಚಿಹ್ನೆಯಿಲ್ಲದೆ ಓದಿದರೆ 156, ಚಿಹ್ನೆಸಹಿತ ಓದಿದರೆ 156 - 256 = -100. ಬಿಟ್‌ಗಳ ಮೇಲೆ ಯಾವುದೆಂದು ಬರೆದಿರುವುದಿಲ್ಲ, ಓದುವವರು ಮೊದಲೇ ಒಪ್ಪಿಕೊಂಡಿರಬೇಕು. ಅದಕ್ಕೇ ಋಣ ಸಂಖ್ಯೆಯ ಲೆಕ್ಕದಲ್ಲಿ ಎಷ್ಟು ಬಿಟ್ ಎಂದು ಬರೆಯದೆ ಮುಂದೆ ಹೋಗಬೇಡಿ. ಎಂಟು ಬಿಟ್‌ನಲ್ಲಿ -128ರಿಂದ 127ರವರೆಗೆ ಮಾತ್ರ ಜಾಗ. -156 ಬರೆಯಲು ಹೊರಟರೆ ಹಿಡಿಸುವುದೇ ಇಲ್ಲ.

ಅಣ್ಣನ ಮಾತಿಗೆ ಬರೋಣ. ಕೆಲಸದಲ್ಲಿ ಯಾರೂ 2026ನ್ನು ಕೈಯಲ್ಲಿ ಭಾಗಿಸುತ್ತ ಕೂರುವುದಿಲ್ಲ, ಅಷ್ಟರಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಯಂತ್ರ ಕೊಡುವ ಉತ್ತರವನ್ನು ಓದಲು ಬರಬೇಕಲ್ಲ. ವಿಂಡೋಸ್ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ಮೋಡ್‌ನಲ್ಲಿ ಬೈಟ್ (ಎಂಟು ಬಿಟ್) ಆರಿಸಿ ಬೈನರಿಯಲ್ಲಿ 10011100 ಕೊಟ್ಟರೆ ಡೆಸಿಮಲ್ ಸಾಲಿನಲ್ಲಿ -100 ತೋರಿಸುತ್ತದೆ. ಎಕ್ಸೆಲ್‌ನಲ್ಲಿ ಡೆಸಿಮಲ್‌ನಿಂದ ಬೈನರಿಗೆ ಬದಲಿಸುವ ಫಾರ್ಮುಲಾ 511ರವರೆಗೆ ಮಾತ್ರ ಕೆಲಸ ಮಾಡುತ್ತದೆ, 512 ಕೊಟ್ಟರೆ ದೋಷ ತೋರಿಸುತ್ತದೆ. ಕಾರಣ ಗೊತ್ತಿಲ್ಲದವರು ಸಾಫ್ಟ್‌ವೇರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಕೈಲೆಕ್ಕ ನಿಜವಾಗಿ ಬೇಕಾಗುವ ಒಂದು ಜಾಗ ಸಣ್ಣ ಡಿಪ್ ಸ್ವಿಚ್. ಕೆಲವು ಎಲೆಕ್ಟ್ರಾನಿಕ್ ಸಾಧನಗಳ ವಿಳಾಸ ಕೊಡಲು ಬೋರ್ಡಿನ ಮೇಲೆ 1ರಿಂದ 8ರವರೆಗೆ ನಂಬರ್ ಬರೆದ ಪುಟ್ಟ ಸ್ವಿಚ್‌ಗಳ ಸಾಲು ಇರುತ್ತದೆ. ಏಣಿ ಹತ್ತಿ ನಿಂತು, ಒಂದು ಕೈಯಲ್ಲಿ ಟಾರ್ಚ್ ಹಿಡಿದವರಿಗೆ ಮೊಬೈಲ್ ತೆಗೆಯುವ ಪುರುಸೊತ್ತು ಇರುವುದಿಲ್ಲ. ವಿಳಾಸ 6 ಬೇಕಾದರೆ 4 + 2, ಅಂದರೆ ಸ್ವಿಚ್ 2 ಮತ್ತು 3 ಆನ್. ಇಲ್ಲಿ ನಿಮ್ಮ ಹಳೆಯ ತಪ್ಪೇ ಕಾದು ಕೂತಿದೆ. ಸಾಮಾನ್ಯವಾಗಿ ಸ್ವಿಚ್ 1 ಎಡತುದಿಯಲ್ಲಿರುತ್ತದೆ, ಅದರ ಬೆಲೆಯೂ 1. ನಾವು ಕಾಗದದಲ್ಲಿ 1ರ ಸ್ಥಾನವನ್ನು ಬಲತುದಿಗೆ ಬರೆಯುತ್ತೇವೆ. ಕಾಗದದ 00000110ನ್ನು ಎಡದಿಂದ ಹಾಗೇ ಇಳಿಸಿದರೆ ಸಾಧನದ ವಿಳಾಸ 96 ಆಗುತ್ತದೆ. ಕೆಲವು ತಯಾರಕರು ಉಲ್ಟಾ ಇಟ್ಟಿರುತ್ತಾರೆ, ಆನ್ ಎಂದರೆ 0 ಎನ್ನುವವರೂ ಇದ್ದಾರೆ. ಹಾಗಾಗಿ ಜೊತೆಗೆ ಬಂದ ಚೀಟಿ ನೋಡದೆ ಸ್ವಿಚ್ ಮುಟ್ಟಬಾರದು.

ಪಿಂಗಳನ ವಿಷಯದಲ್ಲಿ ವಿಡಿಯೋ ಹೇಳಿದ್ದರಲ್ಲಿ ಸತ್ಯವೂ ಇದೆ, ಉತ್ಪ್ರೇಕ್ಷೆಯೂ ಇದೆ. ನೀವು ಕನ್ನಡ ವ್ಯಾಕರಣದಲ್ಲಿ ಗಣ ವಿಂಗಡಿಸಿದವರು, ಆದ್ದರಿಂದ ನೀವೇ ಮಾಡಿ ನೋಡಬಹುದು. ಛಂದಸ್ಸಿನ ಪ್ರಸ್ತಾರದಲ್ಲಿ, ಅಂದರೆ ಗುರು-ಲಘುಗಳ ಎಲ್ಲ ವಿನ್ಯಾಸಗಳ ಪಟ್ಟಿಯಲ್ಲಿ, ಮೂರಕ್ಷರದ ಎಂಟು ಗಣಗಳ ಕ್ರಮ ಮ, ಯ, ರ, ಸ, ತ, ಜ, ಭ, ನ. ಆರನೆಯದು ಯಾವ ವಿನ್ಯಾಸ ಎಂದು ಪಟ್ಟಿ ಬರೆಯದೆ ಹೇಳಲು ಪಿಂಗಳ ಕೊಟ್ಟ ಉಪಾಯ ಹೀಗಿದೆ: ಸಂಖ್ಯೆ ಸಮವಾದರೆ ಲಘು ಬರೆದು ಅರ್ಧ ಮಾಡು, ಬೆಸವಾದರೆ ಗುರು ಬರೆದು, 1 ಕೂಡಿಸಿ ಅರ್ಧ ಮಾಡು. 6 ಸಮ, ಲಘು, ಅರ್ಧ 3. 3 ಬೆಸ, ಗುರು, 1 ಕೂಡಿಸಿ ಅರ್ಧ ಮಾಡಿದರೆ 2. 2 ಸಮ, ಲಘು. ಲಘು ಗುರು ಲಘು, ಅದು ಜಗಣ. ಅರ್ಧ ಮಾಡುತ್ತ ಸಮ-ಬೆಸ ಗುರುತಿಸುವ ನಮ್ಮ ಭಾಗಾಕಾರದ ಹೆಜ್ಜೆಗಳೇ ಇವು. ವ್ಯತ್ಯಾಸ ಎಂದರೆ, ಅಲ್ಲಿ ಎಣಿಕೆ 1ರಿಂದ ಶುರುವಾಗುತ್ತದೆ, ಮೊದಲು ಸಿಕ್ಕಿದ್ದು ಎಡಕ್ಕೆ ಕೂರುತ್ತದೆ, ಉದ್ದೇಶ ಪದ್ಯದ ಮಾದರಿಗಳನ್ನು ಎಣಿಸುವುದು. 0 ಮತ್ತು 1ರಲ್ಲಿ ಸಂಖ್ಯೆ ಬರೆದು ಕೂಡುವ, ಕಳೆಯುವ ಅಂಕಗಣಿತವನ್ನು ಯೂರೋಪಿನಲ್ಲಿ ವಿವರಿಸಿದ ಪ್ರಸಿದ್ಧ ಲೇಖನ ಜರ್ಮನ್ ಗಣಿತಜ್ಞ ಲೈಬ್‌ನಿಟ್ಸ್‌ನದು, 1703ರದ್ದು. ಪಿಂಗಳ ಕಂಪ್ಯೂಟರ್ ಕಂಡುಹಿಡಿಯಲಿಲ್ಲ, ಈ ಅರ್ಧ ಮಾಡುವ ಉಪಾಯವನ್ನು ಮಾತ್ರ ಖಂಡಿತ ಬಲ್ಲವನಾಗಿದ್ದ.

ಇನ್ನು ಅಭ್ಯಾಸ. 5, 7, 9ನ್ನು ಬಿಟ್ಟು, ಎರಡು ಕಡೆಯಿಂದ ಓದಿದರೆ ಬೇರೆ ಬೇರೆ ಬರುವ ಸಂಖ್ಯೆಗಳನ್ನು ಆರಿಸಿಕೊಳ್ಳಿ. 77ಕ್ಕೆ 1001101 ಬರಬೇಕು, ತಲೆಕೆಳಗಾದರೆ 89 ಆಗುತ್ತದೆ. ಆಮೇಲೆ 50, 100, 200 ಮಾಡಿ. 110010, 1100100, 11001000. ಎರಡರಷ್ಟಾದಾಗಲೆಲ್ಲ ಬಲಕ್ಕೆ ಒಂದೊಂದು ಸೊನ್ನೆ ಸೇರುವುದನ್ನು ಗಮನಿಸಿ, ದಶಮಾನದಲ್ಲಿ ಹತ್ತರಷ್ಟಾದಾಗ ಸೇರುವ ಹಾಗೆ. ಈ ಮೂರಕ್ಕೂ ನಿಮ್ಮ ಉತ್ತರದ ಬೆಲೆ 19 ಬಂತೆಂದರೆ, ಶೇಷಗಳನ್ನು ಮತ್ತೆ ಮೇಲಿನಿಂದ ಓದಿದ್ದೀರಿ.